ಒಂಟಿಯಾದ ಎತ್ತಿಗೆ ಹೊಸ ಜೊತೆ ಕೂಡಿಸುವ ಬಗೆ

ಜೋಡಿ ಎತ್ತಿನಲ್ಲಿ ಒಂದು ಸತ್ತರೆ ಅರ್ಧ ಬೇಸಾಯ ಉಳಿಯೋದಿಲ್ಲ. ಬೇಸಾಯವೇ ನಿಂತುಹೋಗುತ್ತೆ. ಇನ್ನೊಂದು ಎತ್ತು ತಂದು ನೊಗಕ್ಕೆ ಕಟ್ಟಿದರೆ ಮುಗೀತು ಅಂತ ಎತ್ತು ಸಾಕದವರು ಅಂದುಕೊಳ್ಳುತ್ತಾರೆ. ಸಾಕಿದವರಿಗೆ ಗೊತ್ತು, ಉಳಿದ ಎತ್ತು ಒಪ್ಪದಿದ್ದರೆ ಐವತ್ತು ಸಾವಿರ ಕೊಟ್ಟು ತಂದದ್ದೂ ಕೊಟ್ಟಿಗೆಯಲ್ಲಿ ಹುಲ್ಲು ತಿಂದುಕೊಂಡು ನಿಂತಿರುತ್ತೆ. ನಮ್ಮ ಮನೆಯಲ್ಲಿ ಹೊಸ ಎತ್ತು ಬಂದು ಹಳೆಯದರ ಜೊತೆ ಕೂಡಿಕೊಳ್ಳೋಕೆ ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ಏನೇನು ಮಾಡಿದೆ ಅನ್ನೋದನ್ನ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮದು ಮೂಲ ಗೊರಗುಂಟೆಪಾಳ್ಯ. ಈಗ ಅಲ್ಲಿ ತುಮಕೂರು ರಸ್ತೆ, ರಿಂಗ್ ರೋಡು, 2014ರಿಂದ ತಲೆ ಮೇಲೆ ಮೆಟ್ರೋ ರೈಲು. ನಮ್ಮಪ್ಪನ ಕಾಲಕ್ಕೆ ಅಲ್ಲಿ ರಾಗಿ ಹೊಲ ಇತ್ತು, ಯಶವಂತಪುರಕ್ಕೆ ಎತ್ತಿನ ಗಾಡಿ ಹೋಗುತ್ತಿತ್ತು. ಹೊಲ ಹೋದ ಮೇಲೆ ಬಂದ ದುಡ್ಡಿನಲ್ಲಿ ನಮ್ಮಪ್ಪ ನೆಲಮಂಗಲದ ಕಡೆ ಮೂರೂವರೆ ಎಕರೆ ಖುಷ್ಕಿ ತೆಗೆದರು. ಅದೇ ಈಗ ನಮ್ಮ ಬದುಕು. ರಾಗಿ, ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹಿಂಗಾರಿಗೆ ಹುರುಳಿ. ಕೊಳವೆಬಾವಿ ಇಲ್ಲ. ತುಂಡು ತುಂಡು ಹೊಲ, ಬದು ಜಾಸ್ತಿ. ಟ್ರ್ಯಾಕ್ಟರ್ ತಿರುಗಿಸೋದರಲ್ಲೇ ಬದುವಿನ ಅಂಚು ಹಾಳಾಗುತ್ತೆ. ಅದಕ್ಕೇ ಹಳ್ಳಿಕಾರ್ ಜೋಡಿ ಇಟ್ಟಿದ್ದೆ. ಬಲಗಡೆಗೆ ರಾಮ, ಎಡಗಡೆಗೆ ಮೈಲಾರಿ.

2022ರಲ್ಲಿ ಚರ್ಮಗಂಟು ರೋಗ ಬಂತಲ್ಲ, ಆವಾಗ ಎರಡಕ್ಕೂ ಬಂತು. ರಾಮನಿಗೆ ಕತ್ತಿನ ಮೇಲೆ, ತೊಡೆ ಮೇಲೆ ಗಂಟು ಎದ್ದು ಒಡೆದು ಮಾಯಿತು. ಮೈಲಾರಿಗೆ ಗಂಟಲ ಒಳಗೂ ಆಗಿತ್ತೋ ಏನೋ, ನೀರೂ ಇಳಿಯಲಿಲ್ಲ. ಹನ್ನೊಂದನೇ ದಿನ ಹೋದ. ಪಶುವೈದ್ಯರು ಬಂದು ನೋಡಿ ಬರೆದುಕೊಂಡ ಮೇಲೆ ಹೊಲದ ಮೂಲೆಯಲ್ಲಿ ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿದೆವು. ಆ ವರ್ಷ ಈ ರೋಗದಲ್ಲಿ ಸತ್ತ ಎತ್ತಿಗೆ 30,000, ಹಸುವಿಗೆ 20,000, ಕರುವಿಗೆ 5,000 ರೂಪಾಯಿ ಅಂತ ಸರ್ಕಾರ ಪರಿಹಾರ ಇಟ್ಟಿತ್ತು. ಯಾವ ರೋಗದಲ್ಲಿ ಸತ್ತರೂ ಡಾಕ್ಟರಿಗೆ ತೋರಿಸದೆ ಹೂಳಬೇಡಿ. ಕಿವಿಯೋಲೆಯ ನಂಬರು ಬರೆದಿಟ್ಟುಕೊಳ್ಳಿ. ಆಮೇಲೆ ಕೇಳಿದರೆ ಗುಂಡಿಯಿಂದ ತೆಗೆಯೋಕಾಗುತ್ತಾ?

ಉಳಿದದ್ದನ್ನು ಮೊದಲು ಉಳಿಸಿಕೊಳ್ಳಿ

ಜೊತೆ ಹೋದ ಎತ್ತು ಹೇಗೆ ಇರುತ್ತೆ ಅನ್ನೋದು ನೋಡಿದವರಿಗೇ ಗೊತ್ತು. ರಾಮ ಖಾಲಿ ಗೂಟದ ಕಡೆಗೇ ಮುಖ ಮಾಡಿ ನಿಲ್ಲುತ್ತಿದ್ದ. ರಾತ್ರಿ ಕೂಗುತ್ತಿದ್ದ. ಎರಡು ಹೊರೆ ಹುಲ್ಲು ಹಾಕಿದರೆ ಒಂದೂ ಮುಗಿಸುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಎಲ್ಲವನ್ನೂ ಕೊರಗು ಅಂತ ಬಿಡಬಾರದು. ಮೇವು ಬಿಟ್ಟ ದನಕ್ಕೆ ಮೊದಲು ಜ್ವರ ನೋಡಿಸಬೇಕು. ಎತ್ತಿನ ಮೈ ಶಾಖ ಸಾಧಾರಣ 101ರಿಂದ 102 ಡಿಗ್ರಿ ಚಿಲ್ಲರೆ ಇರುತ್ತೆ. ಅದಕ್ಕಿಂತ ಏರಿದ್ದರೆ ಅದು ರೋಗ. ಶಾಖ ಸರಿ ಇದ್ದು, ಮೆಲುಕು ಹಾಕುತ್ತಿದ್ದು, ಬರೀ ಮಂಕಾಗಿದ್ದರೆ ಆಗ ಒಂಟಿತನದ ಮಾತು.

ನಾನು ಮಾಡಿದ್ದು ಇಷ್ಟು. ಕಟ್ಟೋ ಜಾಗ ಬದಲಾಯಿಸಿ, ಮೇಕೆಗಳು ಕಾಣೋ ಕಡೆ ಕಟ್ಟಿದೆ. ದಿನಾ ಬೆಳಿಗ್ಗೆ ಕೆರೆ ಏರಿ ತನಕ ನಡೆಸಿಕೊಂಡು ಹೋಗಿ ಬರುತ್ತಿದ್ದೆ. ಕತ್ತಿನ ಹುಣ್ಣು ಪೂರ್ತಿ ಮಾಯುವ ತನಕ ನೊಗ ಮುಟ್ಟಿಸಲಿಲ್ಲ. ಮಾಯಿದ ಮೇಲೆ ಸುಮ್ಮನೆ ನಿಲ್ಲಿಸಲೂ ಇಲ್ಲ, ಒಂಟೆತ್ತಿನ ಕುಂಟೆ ಹೂಡಿ ಅವರೆ ಸಾಲಿನಲ್ಲಿ ಎಳೆಸಿದೆ. ತಿಂಗಳುಗಟ್ಟಲೆ ನೊಗ ಕಾಣದ ಎತ್ತಿನ ಹೆಗಲು ಮೆತ್ತಗಾಗುತ್ತೆ. ಆಮೇಲೆ ಒಂದೇ ದಿನದ ಉಳುಮೆಗೆ ಕಂದು ಹುಣ್ಣಾಗುತ್ತೆ.

ಇದೇ ಹೊತ್ತಿಗೆ ದಲ್ಲಾಳಿಗಳು ಬರುತ್ತಾರೆ. ನಮ್ಮ ಮನೆಗೂ ಬಂದ ಒಬ್ಬ. "ಒಂಟಿ ಎತ್ತು ಕಟ್ಟಿಕೊಂಡು ಏನ್ ಮಾಡ್ತೀಯಣ್ಣಾ, ಒಂಬತ್ತು ವರ್ಷ ಆಗಿದೆ ಅಂತೀಯ, ಕೊಟ್ಟುಬಿಡು, ಹದಿನೆಂಟು ಸಾವಿರ ಈಗಲೇ ಎಣಿಸ್ತೀನಿ" ಅಂದ. ಯಾರ ಹೊಲಕ್ಕೆ ಅಂತ ಕೇಳಿದೆ. ಹೇಳಲಿಲ್ಲ. ಹೊಲದ ಹೆಸರು ಹೇಳದವನಿಗೆ ಎತ್ತು ಕೊಡೋದಿಲ್ಲ ಅಂದೆ. ರಾಮನಿಗೆ ಇನ್ನೂ ನಾಲ್ಕೈದು ವರ್ಷದ ಕೆಲಸ ಇತ್ತು. ಹೊಸ ಎತ್ತಿಗೆ ನಮ್ಮ ಹೊಲ, ನಮ್ಮ ಬದು, ನಮ್ಮ ಕೂಗು ಕಲಿಸೋ ಮೇಷ್ಟ್ರು ಅವನೇ. ಅವನನ್ನು ಮಾರಿ ಹೊಸ ಜೋಡಿ ತರೋದಾದರೆ ಎರಡು ಪಟ್ಟು ದುಡ್ಡು ಬೇಕಿತ್ತು, ಅಷ್ಟು ನನ್ನ ಹತ್ತಿರ ಇರಲಿಲ್ಲ.

ರೋಗ ಹರಡಬಾರದು ಅಂತ 2022ರ ಕೊನೆಗೆ ದನದ ಸಂತೆ, ಜಾತ್ರೆಗಳಿಗೆ ತಡೆ ಹಾಕಿದ್ದರು. ತರೋಣ ಅಂದರೂ ತರೋ ಹಾಗಿರಲಿಲ್ಲ. 2023ರ ಮುಂಗಾರಿಗೆ ಪಕ್ಕದ ಹೊಲದವರ ಎತ್ತಿನ ಜೊತೆ ರಾಮನನ್ನು ಮುಯ್ಯಿಗೆ ಕೂಡಿಸಿ ಉತ್ತೆವು. ಅವರ ಹೊಲ ಮುಗಿದ ಮೇಲೆ ನಮ್ಮ ಹೊಲ. ಹದ ಆರಿಹೋದ ಮೇಲೆ ಬಿತ್ತನೆ ಆಯಿತು. ಆ ವರ್ಷ ಬರಗಾಲ, ನಾಡಿನ ಬಹುತೇಕ ತಾಲ್ಲೂಕು ಬರಪೀಡಿತ ಅಂತ ಸಾರಿದ್ದರು. ನಮಗೆ ಬಂದದ್ದು ಮನೆಗಾಗುವಷ್ಟು ಹುಲ್ಲು ಮಾತ್ರ. ಮುಯ್ಯಿ ಎತ್ತು ತಪ್ಪಲ್ಲ, ಆದರೆ ಖುಷ್ಕಿಯಲ್ಲಿ ಹದ ಎರಡು ದಿನ, ಮೂರು ದಿನ. ಆ ದಿನ ಎತ್ತು ನಮ್ಮದೇ ಆಗಿರಬೇಕು.

ಹಗ್ಗಕ್ಕೆ ಗಂಟು ಹಾಕಿಕೊಂಡು ಜಾತ್ರೆಗೆ

2023ರ ಡಿಸೆಂಬರಿನಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದೆ. ದೊಡ್ಡಬಳ್ಳಾಪುರದ ಹತ್ತಿರದ ಈ ಜಾತ್ರೆ ಪುಷ್ಯ ಮಾಸದ ತೇರಿಗೆ ಮುಂಚೆ ಸೇರುತ್ತೆ. ಹಳ್ಳಿಕಾರ್ ತಳಿಗೆ ಹೆಸರಾದ ಜಾಗ. ಆದರೆ ಅಲ್ಲಿ ಶಾಮಿಯಾನ ಹಾಕಿ ಕಟ್ಟಿದ ಲಕ್ಷಗಟ್ಟಲೆ ಬೆಲೆಯ ಜೋಡಿಗಳ ಕಡೆ ನಮ್ಮಂಥವರು ನೋಡಿ ಕಣ್ಣು ತುಂಬಿಸಿಕೊಳ್ಳಬಹುದು ಅಷ್ಟೆ. ಅವು ಮೆರವಣಿಗೆ ಎತ್ತು. ಉಳುವ ಎತ್ತು ಸಿಗೋದು ಮರದ ಕೆಳಗೆ, ಗಾಡಿ ಮರೆಯಲ್ಲಿ.

ಹೋಗೋಕೆ ಮುಂಚೆ ಒಂದು ಹಗ್ಗ ತಗೊಂಡು ರಾಮನ ಗೊರಸಿನಿಂದ ಡುಬ್ಬದ ಹಿಂಭಾಗದ ತನಕ ಅಳೆದು ಗಂಟು ಹಾಕಿಕೊಂಡೆ. ಎದೆಯ ಸುತ್ತಳತೆಗೆ ಇನ್ನೊಂದು ಗಂಟು. ಕಣ್ಣಂದಾಜಿನಲ್ಲಿ ಎತ್ತು ತಂದರೆ ಜಾತ್ರೆಯಲ್ಲಿ ದೊಡ್ಡದಾಗಿ ಕಂಡದ್ದು ಮನೆಯಲ್ಲಿ ಚಿಕ್ಕದಾಗುತ್ತೆ. ಎತ್ತರದಲ್ಲಿ ನಾಲ್ಕು ಬೆರಳಿಗಿಂತ ಹೆಚ್ಚು ಕಮ್ಮಿ ಇದ್ದರೆ ನೊಗ ಓರೆಯಾಗುತ್ತೆ, ಭಾರವೆಲ್ಲ ಗಿಡ್ಡ ಎತ್ತಿನ ಹೆಗಲಿಗೆ ಬೀಳುತ್ತೆ.

ಜಾತ್ರೆಯಲ್ಲಿ ಒಂಟಿ ಎತ್ತು ಸಿಗೋದು ಕಷ್ಟ. ಎಲ್ಲರೂ ಜೋಡಿಯನ್ನೇ ಮಾರೋದು. ಒಂಟಿಯಾಗಿ ನಿಂತಿದೆ ಅಂದರೆ ಯಾಕೆ ಅಂತ ಕೇಳಲೇಬೇಕು. ಕುಂಟೋ, ಹಾಯೋದೋ, ನೊಗ ಹಾಕಿದರೆ ಮಲಗೋದೋ ಏನೋ ಒಂದು ಇರುತ್ತೆ. ನಾನು ನೋಡಿದ ಐದು ಒಂಟಿ ಎತ್ತಿನಲ್ಲಿ ಮೂರಕ್ಕೆ ಇಂಥದ್ದೇ ಕಾರಣ. ನಾಲ್ಕನೆಯದಕ್ಕೆ ಬೆಲೆ ಮೀರಿತ್ತು. ಐದನೆಯದರ ಜೊತೆ ನಮ್ಮ ಮೈಲಾರಿ ಹಾಗೇ ಚರ್ಮಗಂಟಿನಲ್ಲಿ ಹೋಗಿತ್ತು. ಮಾರುವವರು ವಯಸ್ಸಾದವರು, ಬೇಸಾಯ ಬಿಡುತ್ತಿದ್ದರು.

ವಯಸ್ಸನ್ನು ಬಾಯಿ ಮಾತಿನಲ್ಲಿ ಕೇಳಬೇಡಿ, ಬಾಯಿ ಬಿಚ್ಚಿಸಿ ನೋಡಿ. ಕೆಳದವಡೆ ಮುಂದಿನ ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದಿದ್ದರೆ ಸುಮಾರು ಎರಡೂವರೆ ವರ್ಷ, ನಾಲ್ಕಾದರೆ ಮೂರು ದಾಟಿದೆ, ಆರಾದರೆ ನಾಲ್ಕರ ಹತ್ತಿರ, ಎಂಟೂ ಬಂದು ಬಾಯಿಗೂಡಿದರೆ ಐದರ ಹತ್ತಿರ. ನಾಟಿ ದನದಲ್ಲಿ ಕೆಲವು ತಿಂಗಳು ಹಿಂದೆ ಮುಂದೆ ಆಗುತ್ತೆ. ಬಾಯಿಗೂಡಿದ ಮೇಲೆ ಹಲ್ಲಿನ ಸವೆತ ನೋಡಿ ಅಂದಾಜು ಮಾಡಬೇಕೇ ಹೊರತು ನಿಖರ ಹೇಳೋಕಾಗಲ್ಲ. ಈ ಎತ್ತಿಗೆ ಆರು ಹಲ್ಲು. ಹಳೆ ಎತ್ತಿಗೆ ಹತ್ತು ವರ್ಷ, ಹೊಸದಕ್ಕೆ ನಾಲ್ಕು. ಅಂತರ ಜಾಸ್ತಿ ಅಂತ ಕೆಲವರು ಅಂದರು. ನಾನು ಅದನ್ನೇ ಬೇಕು ಅಂತ ನೋಡಿದ್ದು. ಇಬ್ಬರೂ ಪ್ರಾಯದವರಾದರೆ ಕೊಂಬು ಕೊಂಬು ತಾಗುತ್ತೆ. ಹಿರಿಯನ ಪಕ್ಕ ಕಿರಿಯ ಬೇಗ ಬಗ್ಗುತ್ತೆ.

ಸುಳಿ ನೋಡುವವರು ನಮ್ಮಲ್ಲಿ ಬಹಳ. ನಾನೂ ನೋಡಿದೆ, ಮನೆಯಲ್ಲಿ ಕೇಳುತ್ತಾರೆ ಅಂತ. ಅದಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ನಡಿಗೆ. ರಾಮನದು ಉದ್ದ ಹೆಜ್ಜೆ, ಅವಸರ ಇಲ್ಲ. ಪಟಪಟ ಹೆಜ್ಜೆ ಹಾಕೋ ಎತ್ತು ಅವನ ಪಕ್ಕ ನಿಂತರೆ ಇಬ್ಬರಿಗೂ ಹಿಂಸೆ. ಹಗ್ಗ ಹಿಡಿದು ಜಾತ್ರೆ ಬಯಲಿನಲ್ಲಿ ಎರಡು ಸುತ್ತು ನಡೆಸಿದೆ. ಮೈಯೆಲ್ಲ ಅಂಗೈಯಲ್ಲಿ ಸವರಿ ಗಂಟು ಇದೆಯಾ ನೋಡಿದೆ. ಸಂಜೆ ಬಂದು ಮೇವು ತಿನ್ನೋದು, ಬೆಳಗಿನ ಜಾವ ಬಂದು ಮೆಲುಕು ಹಾಕೋದು, ಸಗಣಿ, ಕೆಮ್ಮು ಎಲ್ಲ ನೋಡಿದೆ. ಯಾವ ಕಡೆ ಹೂಡುತ್ತಿದ್ದರು ಅಂತ ಕೇಳಿದೆ. ಎಡಗಡೆ ಅಂದರು. ಮನಸ್ಸು ಅಲ್ಲೇ ಒಪ್ಪಿತು. ಟವೆಲ್ ಕೆಳಗೆ ಬೆರಳು ಹಿಡಿದು 46,000ಕ್ಕೆ ಮಾತಾಯಿತು. ಪರಿಹಾರದ ದುಡ್ಡಿಗೆ ಏಳು ಮೇಕೆ ಮಾರಿದ ದುಡ್ಡು ಸೇರಿಸಿ ಕೊಟ್ಟೆ.

ದುಡ್ಡು ಕೊಟ್ಟ ಮೇಲೆ ಎರಡು ಸಾಮಾನು ಕೇಳಿ ಪಡೆದೆ. ಒಂದು, ಅವರ ಮನೆ ಹುಲ್ಲು ಒಂದು ಹೊರೆ. ಎರಡನೆಯದು ಅವರ ಕೂಗು. ಹೊರಡೋಕೆ ಏನಂತೀರಿ, ನಿಲ್ಲೋಕೆ ಏನಂತೀರಿ, ತಿರುಗೋಕೆ ಏನಂತೀರಿ ಅಂತ ಕೇಳಿ, ಅವರ ಹಾಗೇ ಎರಡು ಮೂರು ಸಲ ಕೂಗಿ ಕಲಿತೆ. ಊರೂರಿಗೆ ಕೂಗು ಬೇರೆ. ಗೊತ್ತಿಲ್ಲದ ಕೂಗಿಗೆ ಎತ್ತು ನಿಂತರೆ ಜನ ಮೊಂಡು ಅಂತ ಬಾರುಕೋಲು ಎತ್ತುತ್ತಾರೆ. ಖರೀದಿ ಚೀಟಿ, ಡಾಕ್ಟರ ಪತ್ರ ಜೇಬಿನಲ್ಲಿಟ್ಟುಕೊಂಡೇ ಗಾಡಿಗೆ ಹತ್ತಿಸಿದ್ದು. 2021ರಲ್ಲಿ ಜಾನುವಾರು ಕಾಯ್ದೆ ಜಾರಿಗೆ ಬಂದ ಮೇಲೆ ಕಾಗದವಿಲ್ಲದೆ ದನ ಸಾಗಿಸಿದರೆ ದಾರಿಯಲ್ಲಿ ಜವಾಬು ಹೇಳಬೇಕಾಗುತ್ತೆ.

28 ದಿನ ದೂರ

ಮನೆಗೆ ಬಂದಾಗ ನಮ್ಮ ಮನೆಯವಳು ಕಾಲಿಗೆ ನೀರು ಹಾಕಿ, ಹಣೆಗೆ ಅರಿಸಿನ ಕುಂಕುಮ ಇಟ್ಟು, ಬೆಲ್ಲ ಅಕ್ಕಿ ತಿನ್ನಿಸಿದಳು. ಮೈಲಾರಿ ಅಂತಲೇ ಕರೆಯೋಣ ಅಂದಳು. ನಾನು ಬೇಡ ಅಂದೆ. ಆ ಹೆಸರು ಕೇಳಿದರೆ ಈಗಲೂ ರಾಮ ಕಿವಿ ನಿಮಿರಿಸಿ ಹಿಂದಕ್ಕೆ ತಿರುಗಿ ನೋಡುತ್ತಾನೆ. ಇದು ಬೇರೆ ಎತ್ತು, ಇದರ ಗುಣ ಬೇರೆ. ಘಾಟಿಯಿಂದ ಬಂದದ್ದಕ್ಕೆ ಸುಬ್ಬ ಅಂತ ಇಟ್ಟೆವು.

ಕೊಟ್ಟಿಗೆಗೆ ಮಾತ್ರ ಸೇರಿಸಲಿಲ್ಲ. ಹೊಲದ ಆಚೆ ತುದಿ ಹುಣಸೆಮರದ ಕೆಳಗೆ 28 ದಿನ ಕಟ್ಟಿದೆ. ಚರ್ಮಗಂಟು ರೋಗ ಮೈ ಸೇರಿದ ಮೇಲೆ ಕಾಣಿಸಿಕೊಳ್ಳೋಕೆ ಕೆಲವು ಸಲ ನಾಲ್ಕು ವಾರವೇ ಹಿಡಿಯುತ್ತೆ. ಕಾಲುಬಾಯಿ ಜ್ವರ ಅದಕ್ಕಿಂತ ಬೇಗ ಕಾಣುತ್ತೆ. ಬಕೆಟ್ಟು, ಹಗ್ಗ, ಮಂಕರಿ ಎಲ್ಲ ಬೇರೆ. ಮೊದಲು ಮನೆ ದನಕ್ಕೆ ಮೇವು ಹಾಕಿ ಆಮೇಲೆ ಹೊಸದರ ಹತ್ತಿರ ಹೋಗಬೇಕು, ತಿರುಗಾಮುರುಗಾ ಅಲ್ಲ. ಈ ರೋಗವನ್ನು ಹರಡೋದು ಕಚ್ಚುವ ನೊಣ, ಸೊಳ್ಳೆ, ಉಣ್ಣೆ. ಅದಕ್ಕೆ ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದೆ, ಉಣ್ಣೆ ಕಿತ್ತು ಬೆಂಕಿಗೆ ಹಾಕುತ್ತಿದ್ದೆ. ಮೊದಲ ನಾಲ್ಕು ದಿನ ಅವರ ಮನೆ ಹುಲ್ಲನ್ನೇ ಜಾಸ್ತಿ ಹಾಕಿ, ನಮ್ಮ ರಾಗಿ ಹುಲ್ಲನ್ನು ಸ್ವಲ್ಪ ಸ್ವಲ್ಪ ಬೆರೆಸಿದೆ. ದಣಿವು ಆರಿದ ಮೇಲೆ ಡಾಕ್ಟರ ಕೈಯಲ್ಲಿ ಜಂತುವಿನ ಔಷಧಿ, ತಪ್ಪಿದ್ದ ಲಸಿಕೆ ಹಾಕಿಸಿದೆ. ಚರ್ಮಗಂಟಿಗೆ ನಮ್ಮಲ್ಲಿ ಹಾಕುತ್ತಾ ಬಂದದ್ದು ಮೇಕೆ ಸಿಡುಬಿನ ಲಸಿಕೆಯನ್ನೇ. ಊರಿಗೆ ಡಾಕ್ಟರು ಸಿಗದಿದ್ದರೆ 1962ಕ್ಕೆ ಫೋನು ಮಾಡಿದರೆ ಪಶು ಆಂಬುಲೆನ್ಸ್ ಬರುತ್ತೆ. ದೊಡ್ಡ ಕಾಯಿಲೆಯಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ. 1958ರಲ್ಲಿ ಶುರುವಾದದ್ದು. ಗೊರಗುಂಟೆಪಾಳ್ಯದಿಂದ ನಮ್ಮಪ್ಪ ಕುಂಟೋ ಎತ್ತನ್ನು ಅಲ್ಲಿಗೆ ನಡೆಸಿಕೊಂಡೇ ಹೋಗುತ್ತಿದ್ದರು.

ಇತ್ತ ಕೊಟ್ಟಿಗೆಯಲ್ಲಿ ಮೈಲಾರಿ ಜಾಗವನ್ನು ಎರಡನೇ ಸಲ ಶುದ್ಧ ಮಾಡಿದೆ. ಒಣಗಿ ಉದುರಿದ ಹಕ್ಕಳೆಯಲ್ಲಿ ಈ ರೋಗದ ವಿಷಾಣು ತಿಂಗಳಿಗೂ ಮೇಲೆ ಬದುಕಿರುತ್ತೆ. ಅವನ ಕಣ್ಣಿ, ಮೂಗುದಾರವನ್ನು ಅವನು ಹೋದ ದಿನವೇ ಸುಟ್ಟಿದ್ದೆ. ನೆಲದ ಮಣ್ಣು ಒಂದು ಗೇಣು ಕೆತ್ತಿ ಹೊಸ ಮಣ್ಣು ತುಂಬಿ, ಗೋಡೆಗೆ ಸುಣ್ಣ ಹೊಡೆದೆ.

ಕಣ್ಣು, ಗೋದಲಿ, ನೊಗ

ನಮ್ಮಪ್ಪ ಹೇಳುತ್ತಿದ್ದ ಒಂದು ಮಾತು ಇಲ್ಲಿ ಬರೆಯಬೇಕು. ಯಶವಂತಪುರ ರೈಲ್ವೆ ಸ್ಟೇಷನ್ನಿನ ಹತ್ತಿರ ಜಟಕಾ ಓಡಿಸುತ್ತಿದ್ದ ಅವರ ಸ್ನೇಹಿತರೊಬ್ಬರ ಮನೆಯಲ್ಲಿ ಎರಡು ಕುದುರೆ. ಒಂದು ಹೋದ ಮೇಲೆ ಹೊಸ ಕುದುರೆ ತಂದರೆ ಅವರು ಅದನ್ನು ಹಳೆಯದರ ಪಕ್ಕ ಕಟ್ಟುತ್ತಿರಲಿಲ್ಲವಂತೆ. ಗೋಡೆಯಾಚೆ ಕಟ್ಟಿ, ಮೊದಲು ಒಂದರ ಸದ್ದು ಒಂದಕ್ಕೆ ಕೇಳಿಸಿ, ಆಮೇಲೆ ಮುಖ ತೋರಿಸಿ, ಆಮೇಲೆ ಮೂಗು ತಾಗಿಸುತ್ತಿದ್ದರಂತೆ. ಕುದುರೆ ಸಾಕುವ ದೊಡ್ಡ ಫಾರಂಗಳಲ್ಲೂ ಬೇಲಿ ಆಚೆ ಈಚೆ ಬಿಟ್ಟು ಪರಿಚಯ ಮಾಡಿಸುವುದೇ ಪದ್ಧತಿ. ಹಿಂಡಿನಲ್ಲಿ ಬಾಳುವ ಪ್ರಾಣಿಗೆ ಕುದುರೆಯಾದರೇನು, ಎತ್ತಾದರೇನು.

28 ದಿನ ಕಳೆದ ಮೇಲೆ ಸುಬ್ಬನನ್ನು ರಾಮನ ಕಣ್ಣಿಗೆ ಕಾಣೋ ಹಾಗೆ ಇಪ್ಪತ್ತು ಮಾರು ದೂರ ಕಟ್ಟಿದೆ. ಎರಡು ದಿನಕ್ಕೊಮ್ಮೆ ಹತ್ತಿರ ತಂದೆ. ನನ್ನ ಮಗ ಒಂದನ್ನು, ನಾನೊಂದನ್ನು ಹಿಡಿದು ಒಂದೇ ದಾರಿಯಲ್ಲಿ ಹಿಂದೆ ಮುಂದೆ ನಡೆಸಿದೆವು. ಮೊದಲ ಸಲ ಮುಖಾಮುಖಿ ಬಿಟ್ಟದ್ದು ಕೊಯ್ಲಾದ ಬಯಲು ಹೊಲದಲ್ಲಿ, ಕೊಂಬಿಗೆ ಗೋಣಿ ಸುತ್ತಿ. ಹಳ್ಳಿಕಾರ್ ಕೊಂಬು ಚೂಪು. ಕೊಟ್ಟಿಗೆ ಒಳಗೆ ಈ ಕೆಲಸ ಮಾಡಲೇಬಾರದು, ಸೋತವನಿಗೆ ಓಡೋಕೆ ಜಾಗ ಬೇಕು. ರಾಮ ಎರಡು ಸಲ ತಳ್ಳಿದ. ಸುಬ್ಬ ಪಕ್ಕಕ್ಕೆ ಸರಿದು ಹುಲ್ಲು ಕಚ್ಚಿದ. ಅಲ್ಲಿಗೆ ಯಾರು ದೊಡ್ಡವರು ಅನ್ನೋದು ತೀರ್ಮಾನವಾಯಿತು.

ಆ ತೀರ್ಮಾನವನ್ನು ನಾವೂ ಪಾಲಿಸಬೇಕು. ಹಿಂಡಿ, ಹುರುಳಿ ನುಚ್ಚು ಮೊದಲು ರಾಮನಿಗೆ. ನೀರೂ ಮೊದಲು ಅವನಿಗೆ. ಹೊಸದರ ಮೇಲೆ ಪ್ರೀತಿ ಉಕ್ಕಿ ಅದಕ್ಕೆ ಮೊದಲು ಇಟ್ಟರೆ ಹಳೆಯದು ಹಾಯೋಕೆ ಶುರು ಮಾಡುತ್ತೆ. ಗೋದಲಿಗೆ ನಡುವೆ ಅಡ್ಡಬೊಂಬು ಕಟ್ಟಿದ್ದೆ. ಒಂದು ದಿನ ಬೆಳಿಗ್ಗೆ ನೋಡಿದರೆ ರಾಮ ಬೊಂಬಿನ ಮೇಲಿಂದ ಕತ್ತು ಚಾಚಿ ಸುಬ್ಬನ ಕಿವಿ ನೆಕ್ಕುತ್ತಿದ್ದ. ಅವತ್ತು ಬೊಂಬು ಬಿಚ್ಚಿದೆ. ರಾಮ ರಾತ್ರಿ ಕೂಗೋದು ಅಷ್ಟೊತ್ತಿಗೆ ನಿಂತಿತ್ತು.

ನೊಗ ಕೊನೆಗೆ. ಮಾರ್ಚಿಯಲ್ಲಿ ಬರೀ ನೊಗ ಹಾಕಿ ಕಾಲು ಗಂಟೆ ನಡೆಸಿದೆ. ಆಮೇಲೆ ಒಣ ದಿಮ್ಮಿ ಎಳೆಸಿದೆ, ಆಮೇಲೆ ಖಾಲಿ ಗಾಡಿ. ಲಾಳ ಕಟ್ಟಿಸಿದ್ದು ಗಾಡಿಗೆ ಮುಂಚೆ. ಮಳೆ ಬಿದ್ದ ಮೇಲೆ ಕುಂಟೆ, ಎಲ್ಲ ಆದ ಮೇಲೆ ನೇಗಿಲು. ದಿನಕ್ಕೆ ಅರ್ಧ ಗಂಟೆಯಿಂದ ಶುರು, ಬಿಸಿಲೇರುವ ಮುಂಚೆ ಮುಗಿಸಬೇಕು. ನೊಗ ಬಿಚ್ಚಿದ ತಕ್ಷಣ ಹೆಗಲು ಮುಟ್ಟಿ ನೋಡಿ. ಬಿಸಿಯಾಗಿ ಊದಿದ್ದರೆ ಮಾರನೇ ದಿನ ರಜೆ.

ಇನ್ನೊಂದು ವಿಷಯ ಗಮನಿಸಿ. ನೊಗದ ನಡುವೆ ಈಸು ಕಟ್ಟುವ ಜಾಗವನ್ನು ಎರಡು ಬೆರಳು ಹಳೆ ಎತ್ತಿನ ಕಡೆ ಸರಿಸಿ ಕಟ್ಟಿದರೆ ಹೊಸದಕ್ಕೆ ಭಾರ ಕಮ್ಮಿಯಾಗುತ್ತೆ. ತಕ್ಕಡಿ ಲೆಕ್ಕವೇ ಇದು, ತೋಳು ಉದ್ದ ಇದ್ದ ಕಡೆ ಹೊರೆ ಹಗುರ. ಮೊದಲ ತಿಂಗಳು ರಾಮನ ಕಡೆಗೆ ಸರಿಸಿದ್ದೆ. ಸುಬ್ಬ ಬಲಿತ ಮೇಲೆ ನಡುವಿಗೆ ತಂದೆ. ಈಗ ಅವನ ಕಡೆಗೇ ಎರಡು ಬೆರಳು ಹೋಗಿದೆ, ರಾಮನಿಗೆ ವಯಸ್ಸಾಯಿತಲ್ಲ.

ತಿರುವಿನಲ್ಲಿ ಮಾತ್ರ ಬಹಳ ದಿನ ತೊಂದರೆ ಇತ್ತು. ಬದು ಹತ್ತಿರ ಬಂದರೆ ರಾಮ ನಿಂತುಬಿಡುತ್ತಿದ್ದ. ಎಡಗಡೆ ಎತ್ತು ತಾನೇ ತಿರುಗಲಿ ಅಂತ ಕಾಯುತ್ತಿದ್ದ, ಮೈಲಾರಿ ಹಾಗೆ ತಿರುಗುತ್ತಿದ್ದ. ಸುಬ್ಬನಿಗೆ ಅದು ಗೊತ್ತಿಲ್ಲ. ಹೊಡೆದರೆ ಇಬ್ಬರೂ ಕೆಡುತ್ತಾರೆ. ನನ್ನ ಮಗ ಸುಬ್ಬನ ಮುಂದೆ ಹಗ್ಗ ಹಿಡಿದು ನಡೆದ, ಪ್ರತಿ ತಿರುವಿಗೂ ಹಳೇ ಯಜಮಾನರ ಕೂಗು, ಅದರ ಹಿಂದೆಯೇ ನಮ್ಮ ಕೂಗು. ಸುಮಾರು ಮೂರು ವಾರಕ್ಕೆ ಹಳೇ ಕೂಗು ಬಿಟ್ಟೆವು.

2024ರ ಜುಲೈನಲ್ಲಿ ಹದ ಬಿದ್ದ ದಿನವೇ ಕೂರಿಗೆ ಕಟ್ಟಿದೆ. ನಮ್ಮ ಹೊಲ ಬಿತ್ತೋಕೆ ಯಾರನ್ನೂ ಕಾಯಲಿಲ್ಲ. ಎರಡು ದಿನ ಬೆಳಗಿನ ಹೊತ್ತಿನಲ್ಲಿ ಎರಡು ಎಕರೆ ರಾಗಿ ಅಕ್ಕಡಿ ಸಮೇತ ಮುಗಿಯಿತು. ಮೂರನೇ ದಿನ, ಹಿಂದಿನ ವರ್ಷ ಮುಯ್ಯಿ ಕೊಟ್ಟಿದ್ದ ಪಕ್ಕದವರ ಹೊಲಕ್ಕೆ ಹೋದೆವು.

ಹತ್ತು ಗುಂಟೆ, ಇಪ್ಪತ್ತು ಗುಂಟೆ ಇರುವವರು ಇಷ್ಟೆಲ್ಲ ಮಾಡಬೇಕು ಅಂತ ನಾನು ಹೇಳಲ್ಲ, ಅವರಿಗೆ ಬಾಡಿಗೆ ಉಳುಮೆಯೇ ಸರಿ. ಎರಡು ಎಕರೆಯಿಂದ ಮೇಲೆ ಖುಷ್ಕಿ ಇದ್ದು, ಮನೆಯಲ್ಲಿ ಹುಲ್ಲು ಇದ್ದು, ನೋಡಿಕೊಳ್ಳೋ ಜನ ಇದ್ದರೆ ಉಳಿದ ಎತ್ತನ್ನು ಅವಸರಕ್ಕೆ ಕೊಡಬೇಡಿ. ಗೊಬ್ಬರದ ಲೆಕ್ಕ ಹಿಡಿದರೂ ಸಾಕು.

ರಾಮನಿಗೆ ಇನ್ನು ಹೆಚ್ಚು ವರ್ಷದ ಕೆಲಸ ಇಲ್ಲ. ಭಾರದ ಗಾಡಿಗೆ ಅವನನ್ನು ಕಟ್ಟೋದು ನಿಲ್ಲಿಸಿದ್ದೇನೆ. ನಮ್ಮ ನಾಟಿ ಹಸುವಿನ ಹೋರಿಗರುವೊಂದನ್ನು ಮಾರದೆ ಉಳಿಸಿಕೊಂಡಿದ್ದೇನೆ. ಅದನ್ನು ಈಗಿನಿಂದಲೇ ಸುಬ್ಬನ ಎಡಕ್ಕೆ ಅಲ್ಲ, ಬಲಕ್ಕೆ ಕಟ್ಟುತ್ತಿದ್ದೇನೆ.